ಕಡತ ಸ್ವರೂಪ ಮತ್ತು ಪಾಠಶುದ್ಧಿ: ಕೋಷ್ಟಕ ತಂತ್ರಾಂಶಗಳ ಪರಸ್ಪರ ಹೊಂದಾಣಿಕೆಯನ್ನು ಕುರಿತು

ಪೀಠಿಕೆ

ಜಾನಪದ ಸಾಮಗ್ರಿಯ ಸಂಗ್ರಹಕಾರ್ಯವು ಬಹುಕಾಲ ಟಿಪ್ಪಣಿ ಪುಸ್ತಕ, ಸೂಚಿ ಕಾರ್ಡು ಮತ್ತು ಧ್ವನಿಸುರುಳಿಗಳನ್ನು ಅವಲಂಬಿಸಿ ನಡೆದುಬಂದಿತು. ಗಣಕಯಂತ್ರವು ಅಧ್ಯಯನ ಪೀಠಗಳನ್ನೂ ಗ್ರಂಥಾಲಯಗಳನ್ನೂ ಪ್ರವೇಶಿಸಿದ ಮೇಲೆ ಸೂಚಿ ಕಾರ್ಡಿನ ಸ್ಥಾನವನ್ನು ಕೋಷ್ಟಕ ತಂತ್ರಾಂಶವು, ಅಂದರೆ ಸ್ಪ್ರೆಡ್‌ಶೀಟ್, ಪಡೆದುಕೊಂಡಿತು. ಗಾದೆ, ಒಗಟು, ಕಥೆ, ಲಾವಣಿಗಳ ಪಟ್ಟಿಗಳು, ವಕ್ತೃಗಳ ವಿವರ, ಧ್ವನಿಮುದ್ರಣದ ದಿನಾಂಕ, ಸುರುಳಿಯ ಸಂಖ್ಯೆ, ಕಥಾಮಾದರಿಯ ಸಂಖ್ಯೆ ಇವೆಲ್ಲವೂ ಸಾಲು ಮತ್ತು ಕಾಲಂಗಳ ಚೌಕಟ್ಟಿನೊಳಗೆ ಸೇರಿದವು. ಗ್ರಂಥಾಲಯಗಳ ಪರಿಗ್ರಹಣ ವಹಿಗಳೂ ಇದೇ ಹಾದಿಯನ್ನು ಹಿಡಿದವು.

ಹೀಗೆ ಸೇರಿದ ಸಾಮಗ್ರಿಯು ಒಂದೇ ತಂತ್ರಾಂಶದಲ್ಲಿ ಉಳಿಯುವುದಿಲ್ಲ. ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ, ಎಕ್ಸೆಲ್‌ನಿಂದ ಲಿಬ್ರೆ ಆಫೀಸ್‌ಗೆ, ಅಲ್ಲಿಂದ ಗೂಗಲ್ ಶೀಟ್ಸ್‌ಗೆ, ಸಂಶೋಧಕರಿಂದ ಗ್ರಂಥಾಲಯಕ್ಕೆ ಅದು ಕೈ ಬದಲಾಯಿಸುತ್ತ ಹೋಗುತ್ತದೆ. ಪ್ರತಿ ಬಾರಿಯೂ ಕಡತ ತೆರೆದುಕೊಂಡಿತೆಂಬ ಕಾರಣಕ್ಕೆ ಸಾಮಗ್ರಿಯು ಸುರಕ್ಷಿತವಾಗಿ ಬಂದಿದೆಯೆಂದು ಭಾವಿಸುವುದು ರೂಢಿ. ಆದರೆ ಕಡತ ತೆರೆದುಕೊಳ್ಳುವುದು ಬೇರೆ, ಅದರೊಳಗಿನ ಪಾಠ ಉಳಿಯುವುದು ಬೇರೆ. ಈ ಎರಡರ ನಡುವಣ ಅಂತರ ಯಾವುದು, ಅದು ಏಕೆ ಉಂಟಾಯಿತು, ಸಂಶೋಧಕರೂ ಗ್ರಂಥಾಲಯಗಳೂ ಅದನ್ನು ಹೇಗೆ ಎದುರಿಸಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೋಶದಲ್ಲಿ ಕಾಣುವುದು ಮತ್ತು ಉಳಿಯುವುದು

ಕೋಷ್ಟಕದ ಒಂದು ಕೋಶವು ಹೊರನೋಟಕ್ಕೆ ಸೂಚಿ ಕಾರ್ಡಿನ ಒಂದು ಖಾನೆಯಂತೆ ಕಂಡರೂ ಅದರ ರಚನೆ ಸರಳವಾದುದಲ್ಲ. ಕಾರ್ಡಿನಲ್ಲಿ ಬರೆದದ್ದೇ ಉಳಿಯುತ್ತದೆ. ಕೋಶದಲ್ಲಾದರೋ ಕನಿಷ್ಠ ನಾಲ್ಕು ಪದರಗಳಿವೆ. ಒಂದು, ಒಳಗೆ ಶೇಖರವಾಗಿರುವ ಮೌಲ್ಯ. ಎರಡು, ಆ ಮೌಲ್ಯವು ಸಂಖ್ಯೆಯೋ ಪಠ್ಯವೋ ಎಂಬ ಜಾತಿ. ಮೂರು, ಆ ಮೌಲ್ಯವನ್ನು ಉಂಟುಮಾಡಿದ ಸೂತ್ರ. ನಾಲ್ಕು, ಅದನ್ನು ಪರದೆಯ ಮೇಲೆ ಹೇಗೆ ತೋರಿಸಬೇಕೆಂಬ ಅಲಂಕರಣ. ಅಕ್ಷರಶೈಲಿ, ಬಣ್ಣ, ದಿನಾಂಕದ ರೂಪ, ದಶಮಾಂಶ ಸ್ಥಾನಗಳು ನಾಲ್ಕನೆಯ ಪದರಕ್ಕೆ ಸೇರುತ್ತವೆ.

ದಿನಾಂಕವನ್ನೇ ಉದಾಹರಣೆಯಾಗಿ ನೋಡಬಹುದು. 15-8-1998 ಎಂದು ಎಕ್ಸೆಲ್ ಕೋಶವೊಂದರಲ್ಲಿ ಕಾಣುವಾಗ ಒಳಗೆ ಇರುವುದು ಒಂದು ಪೂರ್ಣಾಂಕ ಮಾತ್ರ. ನಿಗದಿತ ಆರಂಭದ ದಿನದಿಂದ ಎಣಿಸಿದ ದಿನಗಳ ಸಂಖ್ಯೆ ಅದು. ಅದನ್ನು ದಿನಾಂಕವನ್ನಾಗಿ ಮಾಡುವುದು ಅಲಂಕರಣದ ಪದರ. ಕಡತ ಸ್ವರೂಪವೆಂದರೆ ಈ ನಾಲ್ಕು ಪದರಗಳನ್ನು ಹೇಗೆ ಬರೆದಿಡಬೇಕು, ಹೇಗೆ ಓದಬೇಕು ಎಂಬ ಒಪ್ಪಂದ. ಎರಡು ತಂತ್ರಾಂಶಗಳು ಒಂದೇ ಕಡತವನ್ನು ಬೇರೆ ಬೇರೆಯಾಗಿ ಓದುವುದೆಂದರೆ ಈ ಒಪ್ಪಂದದ ಒಂದಲ್ಲ ಒಂದು ಪದರದಲ್ಲಿ ಭಿನ್ನತೆ ಇದೆಯೆಂದೇ ಅರ್ಥ.

ಸಂಶೋಧಕರು ಅರಿಯದೆ ಅರ್ಥವನ್ನು ಯಾವ ಪದರದಲ್ಲಿ ಇರಿಸಿದ್ದಾರೆ ಎಂಬುದರ ಮೇಲೆ ಅದರ ಉಳಿವು ನಿಂತಿದೆ. ಹಳದಿ ಬಣ್ಣ ತುಂಬಿದ ಸಾಲುಗಳು ಗಂಡಸರು ಹೇಳಿದ ಪಾಠಗಳು, ಹಸಿರು ಸಾಲುಗಳು ಹೆಂಗಸರು ಹೇಳಿದವು ಎಂದು ಗುರುತಿಸಿದ ಪಟ್ಟಿಯನ್ನು ಸರಳ ಪಠ್ಯಕ್ಕೆ ಪರಿವರ್ತಿಸಿದರೆ ಆ ಭೇದವೇ ಅಳಿಸಿಹೋಗುತ್ತದೆ. ಬಣ್ಣವು ಅಲಂಕರಣ, ಅದು ಮೌಲ್ಯವಲ್ಲ.

ಸ್ವರೂಪಗಳ ವಂಶಾವಳಿ

ವೈಯಕ್ತಿಕ ಗಣಕಯಂತ್ರಕ್ಕಾಗಿ ರೂಪುಗೊಂಡ ಮೊದಲ ಕೋಷ್ಟಕ ತಂತ್ರಾಂಶ ‘ವಿಸಿಕ್ಯಾಲ್ಕ್’. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರು ರೂಪಿಸಿದ ಇದು 1979ರಲ್ಲಿ ಆ್ಯಪಲ್ 2 ಯಂತ್ರಕ್ಕೆ ಬಂದಿತು. ಅದರಲ್ಲಿದ್ದುದು 254 ಸಾಲು, 63 ಕಾಲಂ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ‘ಮಲ್ಟಿಪ್ಲಾನ್’, 1983ರಲ್ಲಿ ‘ಲೋಟಸ್ 1-2-3’ ಹೊರಬಂದವು. ಐಬಿಎಂ ಯಂತ್ರಗಳ ಮೇಲೆ ಲೋಟಸ್ ಏಕಸ್ವಾಮ್ಯವನ್ನೇ ಸ್ಥಾಪಿಸಿತು. ‘ಎಕ್ಸೆಲ್’ 1985ರಲ್ಲಿ ಮೊದಲು ಮ್ಯಾಕಿಂಟಾಷ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂದು, ಮುಂದಿನ ದಶಕದಲ್ಲಿ ಲೋಟಸ್‌ನ ಸ್ಥಾನವನ್ನು ಆಕ್ರಮಿಸಿತು.

ಪ್ರತಿ ತಂತ್ರಾಂಶಕ್ಕೂ ಅದರದೇ ಸ್ವರೂಪವಿತ್ತು. ಎಕ್ಸೆಲ್‌ನ ‘ಎಕ್ಸ್‌ಎಲ್‌ಎಸ್’ ಎಂಬುದು ದ್ವಿಮಾನ ಸ್ವರೂಪ. ಮನುಷ್ಯರ ಕಣ್ಣಿಗೆ ಓದಲಾಗದ ಸಂಕೇತಗಳ ಸರಣಿ. ಅದರ ಪೂರ್ಣ ವಿವರಣೆಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದ್ದು 2008ರಲ್ಲಿ. ಅಲ್ಲಿಯವರೆಗೆ ಇತರ ತಂತ್ರಾಂಶಗಳನ್ನು ರೂಪಿಸಿದವರು ಬಹುಮಟ್ಟಿಗೆ ಕಡತಗಳನ್ನು ಬಿಡಿಸಿ ನೋಡಿ, ಯಾವ ಸಂಕೇತ ಏನನ್ನು ಸೂಚಿಸುತ್ತದೆಂದು ಊಹಿಸಿಯೇ ಓದುವ ಕ್ರಮವನ್ನು ಕಟ್ಟಿಕೊಳ್ಳಬೇಕಾಗಿತ್ತು. ಅಜ್ಞಾತ ಲಿಪಿಯ ಶಾಸನವನ್ನು ಓದುವವರ ಶ್ರಮಕ್ಕೆ ಇದು ಸಮೀಪವಾದುದು.

ಸ್ವರೂಪಗಳಿಗೂ ಅವಸಾನವಿದೆ. ಎಕ್ಸೆಲ್ 2007ರ ಆವೃತ್ತಿಯು ಲೋಟಸ್ ಕಡತಗಳನ್ನು ತೆರೆಯುವ ಸೌಲಭ್ಯವನ್ನು ಕೈಬಿಟ್ಟಿತು. 1995ರಲ್ಲಿ ಲೋಟಸ್ ಸಂಸ್ಥೆಯನ್ನು ಕೊಂಡಿದ್ದ ಐಬಿಎಂ 2014ರಲ್ಲಿ 1-2-3ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಇಂದು ಅಂತಹ ಕಡತಗಳನ್ನು ತೆರೆಯಬಯಸುವವರು ಲಿಬ್ರೆ ಆಫೀಸ್‌ನಂತಹ ಮುಕ್ತ ತಂತ್ರಾಂಶದ ಮೊರೆಹೋಗಬೇಕಾಗಿದೆ. ಒಂದು ಸಂಸ್ಥೆಯ ಸ್ವರೂಪವನ್ನು ಆ ಸಂಸ್ಥೆಗಿಂತ ಹೆಚ್ಚು ಕಾಲ ಉಳಿಸಿದವರು ಅದಕ್ಕೆ ಸಂಬಂಧಿಸದ ಹೊರಗಿನವರು ಎಂಬುದು ಗಮನಾರ್ಹ.

ಮಡಿದ ಸ್ವರೂಪಗಳ ಕುರುಹುಗಳು ಅನಿರೀಕ್ಷಿತ ಕಡೆಗಳಲ್ಲಿ ಉಳಿದಿವೆ. ಮಲ್ಟಿಪ್ಲಾನ್ ಕಾಲದ ‘ಸಿಲ್ಕ್’ ಎಂಬ ವಿನಿಮಯ ಸ್ವರೂಪದ ಕಡತಗಳು ರೋಮನ್ ದೊಡ್ಡಕ್ಷರದ ‘ಐಡಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತಿದ್ದವು. ಇಂದು ಸಂಶೋಧಕರೊಬ್ಬರು ತಮ್ಮ ಪಟ್ಟಿಯ ಮೊದಲ ಕಾಲಂಗೆ ಅದೇ ‘ಐಡಿ’ ಎಂಬ ಶೀರ್ಷಿಕೆಯನ್ನು ದೊಡ್ಡಕ್ಷರಗಳಲ್ಲಿ ಕೊಟ್ಟು ಸರಳ ಪಠ್ಯವಾಗಿ ಉಳಿಸಿದರೆ, ಎಕ್ಸೆಲ್ ಅದನ್ನು ಸಿಲ್ಕ್ ಕಡತವೆಂದು ಭ್ರಮಿಸಿ ದೋಷಸೂಚನೆ ನೀಡುವುದುಂಟು. ಶೀರ್ಷಿಕೆಯನ್ನು ಚಿಕ್ಕಕ್ಷರಗಳಿಗೆ ಬದಲಿಸಿದರೆ ಸಮಸ್ಯೆ ತೀರುತ್ತದೆ. ಕಾರಣ ತಿಳಿಯದವರಿಗೆ ಮಾತ್ರ ಕಡತ ಕೆಟ್ಟಿತೆಂದೇ ತೋರುತ್ತದೆ.

ಪರಂಪರೆಯಾಗಿ ಬಂದ ಸ್ಖಾಲಿತ್ಯ

ಗ್ರಂಥಸಂಪಾದನಾ ಶಾಸ್ತ್ರದಲ್ಲಿ ಪ್ರತಿಗಳ ನಡುವಣ ಸಂಬಂಧವನ್ನು ನಿರ್ಧರಿಸಲು ಬಳಸುವ ಪ್ರಮುಖ ಆಧಾರವೆಂದರೆ ಸಮಾನ ಸ್ಖಾಲಿತ್ಯ. ಎರಡು ಓಲೆಪ್ರತಿಗಳಲ್ಲಿ ಸರಿಯಾದ ಪಾಠವು ಸಮಾನವಾಗಿದ್ದರೆ ಅದರಿಂದ ಹೆಚ್ಚೇನೂ ಸಿದ್ಧವಾಗುವುದಿಲ್ಲ. ಆದರೆ ಇಬ್ಬರು ಲಿಪಿಕಾರರೂ ಸ್ವತಂತ್ರವಾಗಿ ಮಾಡಲಾರದಂತಹ ಒಂದೇ ತಪ್ಪು ಎರಡರಲ್ಲೂ ಕಂಡುಬಂದರೆ, ಒಂದು ಮತ್ತೊಂದರಿಂದ ಬಂದಿದೆ ಅಥವಾ ಎರಡಕ್ಕೂ ಒಂದೇ ಮೂಲವಿದೆ ಎಂದು ತೀರ್ಮಾನಿಸಲಾಗುತ್ತದೆ. ಕೋಷ್ಟಕ ತಂತ್ರಾಂಶಗಳ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನವೊಂದಿದೆ.

ಗ್ರೆಗೋರಿಯನ್ ಪಂಚಾಂಗದಲ್ಲಿ ನೂರರಿಂದ ಭಾಗವಾಗುವ ವರ್ಷವು ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಆದುದರಿಂದ 2000 ಅಧಿಕ ವರ್ಷ, 1900 ಅಲ್ಲ. ಲೋಟಸ್ 1-2-3 ಮಾತ್ರ 1900ನ್ನು ಅಧಿಕ ವರ್ಷವೆಂದು ಗಣಿಸಿತು. ಅದರ ಎಣಿಕೆಯಲ್ಲಿ 60ನೆಯ ದಿನ 29 ಫೆಬ್ರವರಿ 1900. ಲೋಕದಲ್ಲಿ ಎಂದೂ ಉದಯಿಸದ ದಿನ. ಲೋಟಸ್ ಕಡತಗಳನ್ನು ಬಳಕೆದಾರರು ಎಕ್ಸೆಲ್‌ಗೆ ತಂದಾಗ ದಿನಾಂಕಗಳು ಪಲ್ಲಟಗೊಳ್ಳಬಾರದೆಂಬ ಕಾರಣದಿಂದ ಮೈಕ್ರೋಸಾಫ್ಟ್ ಅರಿತೇ ಆ ತಪ್ಪನ್ನು ಎಕ್ಸೆಲ್‌ನಲ್ಲಿ ಉಳಿಸಿಕೊಂಡಿತು. ಇಂದಿಗೂ ಎಕ್ಸೆಲ್ ಕೋಶದಲ್ಲಿ 60 ಎಂದು ಬರೆದು ದಿನಾಂಕದ ರೂಪವನ್ನು ಕೊಟ್ಟರೆ ಆ ದಿನ ಕಾಣಿಸುತ್ತದೆ. ಎಕ್ಸೆಲ್ ಯಾರ ವಂಶದಲ್ಲಿ ಹುಟ್ಟಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಲಿಬ್ರೆ ಆಫೀಸ್ ಈ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಪರಿಹರಿಸಿಕೊಂಡಿದೆ. ಅದು ಸುಳ್ಳು ದಿನವನ್ನು ಒಪ್ಪುವುದಿಲ್ಲ. ಬದಲಾಗಿ ತನ್ನ ಎಣಿಕೆಯ ಶೂನ್ಯವನ್ನು 30 ಡಿಸೆಂಬರ್ 1899ಕ್ಕೆ ಇರಿಸುತ್ತದೆ. ಇದರಿಂದ 1 ಮಾರ್ಚ್ 1900ರಿಂದ ಮುಂದಕ್ಕೆ ಎರಡೂ ತಂತ್ರಾಂಶಗಳ ಎಣಿಕೆ ಹೊಂದುತ್ತದೆ. ಅದಕ್ಕಿಂತ ಹಿಂದಿನ ಎರಡು ತಿಂಗಳಲ್ಲಿ ಮಾತ್ರ ಒಂದು ದಿನದ ವ್ಯತ್ಯಾಸ ಉಳಿಯುತ್ತದೆ. ಮ್ಯಾಕಿಂಟಾಷ್ ಯಂತ್ರದ ಎಕ್ಸೆಲ್ ಬಹುಕಾಲ 1904ರಿಂದ ಎಣಿಸುವ ಮತ್ತೊಂದು ಪದ್ಧತಿಯನ್ನು ಅನುಸರಿಸಿತು. ಈ ಎರಡು ಪದ್ಧತಿಗಳ ಅಂತರ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ. ಒಂದು ಪದ್ಧತಿಯ ಕಡತದಿಂದ ಇನ್ನೊಂದಕ್ಕೆ ದಿನಾಂಕಗಳನ್ನು ನಕಲು ಮಾಡಿದಾಗ ಧ್ವನಿಮುದ್ರಣದ ದಿನವು ಇಷ್ಟು ಸರಿದುಹೋಗುವ ಸಾಧ್ಯತೆ ಇದೆ. ಫಲಿತವಾಗಿ ಬರುವ ದಿನಾಂಕವೂ ನಂಬಲರ್ಹವಾಗಿಯೇ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಚರಿತ್ರೆ ಮತ್ತು ಜಾನಪದ ಅಧ್ಯಯನಗಳಿಗೆ ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ಎಕ್ಸೆಲ್ 1900ಕ್ಕಿಂತ ಹಿಂದಿನ ದಿನವನ್ನು ದಿನಾಂಕವೆಂದು ಗುರುತಿಸುವುದೇ ಇಲ್ಲ. ವಿಲಿಯಂ ಥಾಮ್ಸ್ ‘ಫೋಕ್‌ಲೋರ್’ ಎಂಬ ಪದವನ್ನು ಪತ್ರವೊಂದರಲ್ಲಿ ಲೋಕದ ಮುಂದಿಟ್ಟ 22 ಆಗಸ್ಟ್ 1846 ಎಂಬ ದಿನ ಅದಕ್ಕೆ ಕೇವಲ ಅಕ್ಷರಗಳ ಸಾಲು. ಫ್ಲೀಟ್ ಅವರು ಸಂಗ್ರಹಿಸಿದ ಕನ್ನಡ ಲಾವಣಿಗಳು ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ 1885ರಿಂದ ಪ್ರಕಟವಾದುದನ್ನು ಪಟ್ಟಿ ಮಾಡಿ ದಿನಾಂಕದ ಕ್ರಮದಲ್ಲಿ ಜೋಡಿಸಹೊರಟರೆ, 19ನೆಯ ಶತಮಾನದ ನಮೂದುಗಳು ಪಠ್ಯದ ಗುಂಪಿಗೂ 20ನೆಯ ಶತಮಾನದವು ಸಂಖ್ಯೆಯ ಗುಂಪಿಗೂ ಸೇರಿ ಕಾಲಾನುಕ್ರಮ ಒಡೆಯುತ್ತದೆ. ಲಿಬ್ರೆ ಆಫೀಸ್ ಹಳೆಯ ದಿನಾಂಕಗಳನ್ನು ಅಂಗೀಕರಿಸುತ್ತದೆ. ಆದರೆ ಆ ಕಡತವನ್ನು ಎಕ್ಸೆಲ್ ಸ್ವರೂಪಕ್ಕೆ ಪರಿವರ್ತಿಸಿದಾಗ ಅವು ಋಣಸಂಖ್ಯೆಗಳಾಗುತ್ತವೆ. ಎಕ್ಸೆಲ್‌ನಲ್ಲಿ ದಿನಾಂಕದ ಬದಲು ಕೋಶದ ತುಂಬ ಅಡ್ಡಗೆರೆಯ ಗುರುತುಗಳಷ್ಟೇ ಕಾಣುತ್ತವೆ.

ಎರಡು ಮಾನಕಗಳು

ಒಂದೇ ಸಂಸ್ಥೆಯ ಹಿಡಿತದಲ್ಲಿರುವ ಸ್ವರೂಪಕ್ಕೆ ಸಾರ್ವಜನಿಕ ದಾಖಲೆಗಳನ್ನು ಒಪ್ಪಿಸುವುದು ಯುಕ್ತವಲ್ಲವೆಂಬ ಅಭಿಪ್ರಾಯವು ಹೊಸ ಶತಮಾನದ ಆರಂಭದಲ್ಲಿ ಬಲಗೊಂಡಿತು. ಸನ್ ಸಂಸ್ಥೆಯು 1999ರಲ್ಲಿ ಕೊಂಡ ಸ್ಟಾರ್ ಆಫೀಸ್‌ನ ಮೂಲಸಂಕೇತವನ್ನು 2000ದಲ್ಲಿ ಮುಕ್ತಗೊಳಿಸಿದುದರಿಂದ ಓಪನ್ ಆಫೀಸ್ ಹುಟ್ಟಿತು. 2010ರಲ್ಲಿ ಅದರಿಂದ ಲಿಬ್ರೆ ಆಫೀಸ್ ಕವಲೊಡೆಯಿತು. ಓಪನ್ ಆಫೀಸ್‌ನ ಸ್ವರೂಪವನ್ನು ಆಧರಿಸಿ ರೂಪುಗೊಂಡ ‘ಓಪನ್ ಡಾಕ್ಯುಮೆಂಟ್’ 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾಗಿ, 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 26300 ಸಂಖ್ಯೆಯ ಮಾನಕವಾಗಿ ಅಂಗೀಕಾರ ಪಡೆಯಿತು. ಅದರ ಕೋಷ್ಟಕ ರೂಪವೇ ‘ಓಡಿಎಸ್’. ಮೈಕ್ರೋಸಾಫ್ಟ್ ತನ್ನ ‘ಆಫೀಸ್ ಓಪನ್ ಎಕ್ಸ್‌ಎಂಎಲ್’ ಸ್ವರೂಪವನ್ನು 2006ರಲ್ಲಿ ಎಕ್ಮಾ ಸಂಸ್ಥೆಯ ಮೂಲಕ, 2008ರಲ್ಲಿ ಅಂತರರಾಷ್ಟ್ರೀಯ ಮಾನಕ 29500 ಆಗಿ ಮಂಡಿಸಿ ಒಪ್ಪಿಗೆ ಪಡೆಯಿತು. ಅದರ ಕೋಷ್ಟಕ ರೂಪ ‘ಎಕ್ಸ್‌ಎಲ್‌ಎಸ್‌ಎಕ್ಸ್’. ಆರು ಸಾವಿರ ಪುಟಗಳನ್ನು ಮೀರಿದ ಈ ಮಾನಕದ ಮೇಲೆ 2007 ಮತ್ತು 2008ರಲ್ಲಿ ನಡೆದ ಮತದಾನದಲ್ಲಿ ಭಾರತವು ಅಸಮ್ಮತಿಯನ್ನು ಸೂಚಿಸಿತ್ತು. ಭಾರತ ಸರ್ಕಾರವು 2010ರಲ್ಲಿ ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿತು.

ಎರಡೂ ಸ್ವರೂಪಗಳ ಒಳರಚನೆಯಲ್ಲಿ ಸಾಮ್ಯವಿದೆ. ಎರಡೂ ಜಿಪ್ ಕ್ರಮದಲ್ಲಿ ಕಟ್ಟಿದ ಗಂಟುಗಳು. ಒಳಗಿರುವುದು ಓದಬಹುದಾದ ಎಕ್ಸ್‌ಎಂಎಲ್ ಪಠ್ಯ. ಕಡತದ ಒಂದು ನಕಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಯಾರು ಬೇಕಾದರೂ ಇದನ್ನು ಕಾಣಬಹುದು. ದ್ವಿಮಾನ ಸ್ವರೂಪಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ತಂತ್ರಾಂಶವೇ ಇಲ್ಲದ ಕಾಲದಲ್ಲೂ ಪಠ್ಯವನ್ನು ಹೊರತೆಗೆಯಬಹುದೆಂಬ ಭರವಸೆ ಇದರಲ್ಲಿದೆ.

ಆದರೂ ಮಾನಕವಾದ ಮಾತ್ರಕ್ಕೆ ಹೊಂದಾಣಿಕೆ ಸಿದ್ಧಿಸಲಿಲ್ಲ. ಓಪನ್ ಡಾಕ್ಯುಮೆಂಟ್‌ನ ಮೊದಲ ಆವೃತ್ತಿಗಳಲ್ಲಿ ಕೋಷ್ಟಕದ ಸೂತ್ರಗಳನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬ ನಿಯಮವೇ ಇರಲಿಲ್ಲ. 2009ರಲ್ಲಿ ಎಕ್ಸೆಲ್ 2007 ಓಡಿಎಸ್ ಕಡತಗಳನ್ನು ತೆರೆಯುವ ಸೌಲಭ್ಯವನ್ನು ಪಡೆದಾಗ, ಓಪನ್ ಆಫೀಸ್‌ನಲ್ಲಿ ಸಿದ್ಧಪಡಿಸಿದ ಕಡತಗಳ ಸೂತ್ರಗಳನ್ನು ಬಿಟ್ಟು ಕೊನೆಯ ಫಲಿತಾಂಶದ ಸಂಖ್ಯೆಗಳನ್ನು ಮಾತ್ರ ಉಳಿಸಿಕೊಂಡಿತು. ಮೊತ್ತ ಸರಿಯಾಗಿಯೇ ಕಂಡಿತು. ಮೊತ್ತ ಮಾಡುವ ಕ್ರಿಯೆ ಹೋಗಿತ್ತು. ಸೂತ್ರಗಳ ನಿಯಮವು ಸೇರಿದ್ದು 2011ರ 1.2 ಆವೃತ್ತಿಯಲ್ಲಿ. ಇಂದಿಗೂ ಒಂದು ತಂತ್ರಾಂಶವು ಹೊಸ ಸೂತ್ರವನ್ನು ಸೇರಿಸಿದಾಗ ಇತರ ತಂತ್ರಾಂಶಗಳು ಅದನ್ನು ಅರಿಯಲು ವರ್ಷಗಳು ಬೇಕಾಗುತ್ತವೆ. ಎಕ್ಸೆಲ್‌ನ ‘ಎಕ್ಸ್‌ಲುಕಪ್’ ಲಿಬ್ರೆ ಆಫೀಸ್‌ಗೆ ಬಂದದ್ದು 2024ರ ಆವೃತ್ತಿಯಲ್ಲಿ. ಸೂತ್ರದ ಜೊತೆಗೆ ಅದರ ಹಿಂದಿನ ಫಲಿತಾಂಶವೂ ಕಡತದಲ್ಲಿ ಶೇಖರವಾಗಿರುವುದರಿಂದ, ಮರು ಎಣಿಕೆ ನಡೆಯುವವರೆಗೆ ಕೊರತೆ ಬೆಳಕಿಗೆ ಬಾರದೆ ಇರಬಹುದು.

ಊಹೆ ಮತ್ತು ಮೌನ ನಷ್ಟ

ಸ್ವರೂಪಗಳ ಭಿನ್ನತೆಗಿಂತಲೂ ಹೆಚ್ಚಿನ ಹಾನಿಯನ್ನು ಮಾಡುವುದು ತಂತ್ರಾಂಶದ ಊಹೆ. ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯವಾದ ‘ಸಿಎಸ್‌ವಿ’ ಎಲ್ಲ ತಂತ್ರಾಂಶಗಳೂ ಓದಬಲ್ಲ ಸ್ವರೂಪ. ಅದಕ್ಕೊಂದು ಲಿಖಿತ ವಿವರಣೆ ದೊರೆತದ್ದು 2005ರಲ್ಲಿ. ಅದರಲ್ಲಿ ಮೌಲ್ಯವಿದೆ, ಮೌಲ್ಯದ ಜಾತಿಯನ್ನು ಹೇಳುವ ಪದರವಿಲ್ಲ. ಆದುದರಿಂದ ತೆರೆಯುವ ತಂತ್ರಾಂಶವು ಜಾತಿಯನ್ನು ತಾನೇ ಊಹಿಸುತ್ತದೆ.

ಮೂರನೆಯ ಸುರುಳಿಯ ಹನ್ನೆರಡನೆಯ ಹಾಡನ್ನು 3-12 ಎಂದು ಗುರುತಿಸಿದ್ದರೆ ಅದು ಭಾರತೀಯ ವ್ಯವಸ್ಥೆಯ ಯಂತ್ರದಲ್ಲಿ ಡಿಸೆಂಬರ್ 3 ಆಗಿ, ಅಮೆರಿಕದ ವ್ಯವಸ್ಥೆಯ ಯಂತ್ರದಲ್ಲಿ ಮಾರ್ಚ್ 12 ಆಗಿ ಮಾರ್ಪಡುತ್ತದೆ. 00451 ಎಂಬ ಪರಿಗ್ರಹಣ ಸಂಖ್ಯೆ 451 ಆಗುತ್ತದೆ. 12 ಮತ್ತು 3ರ ನಡುವೆ ರೋಮನ್ ‘ಇ’ ಅಕ್ಷರವಿರುವ ಗುರುತು ಹನ್ನೆರಡು ಸಾವಿರವಾಗುತ್ತದೆ. ಸ್ಟಿತ್ ಥಾಮ್ಸನ್ ಅವರ ಆಶಯ ಸೂಚಿಯಲ್ಲಿ ಬಿಂದುವಿನ ನಂತರದ ಅಂಕಿಗಳು ದಶಮಾಂಶಗಳಲ್ಲ, ಉಪವಿಭಾಗದ ಕ್ರಮಸಂಖ್ಯೆಗಳು. ಅಲ್ಲಿ ಒಂದನೆಯದು ಬೇರೆ, ಹತ್ತನೆಯದು ಬೇರೆ. ವಿಭಾಗದ ಅಕ್ಷರವನ್ನು ಒಂದು ಕಾಲಂನಲ್ಲಿ, ಸಂಖ್ಯೆಯನ್ನು ಇನ್ನೊಂದರಲ್ಲಿ ಬರೆದ ಪಟ್ಟಿಯಲ್ಲಿ ತಂತ್ರಾಂಶವು ಕೊನೆಯ ಸೊನ್ನೆಯನ್ನು ಕಳೆದು ಎರಡನ್ನೂ ಒಂದೇ ಆಶಯವನ್ನಾಗಿ ಮಾಡುತ್ತದೆ. ಗ್ರಂಥಾಲಯಗಳಲ್ಲಿ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆಯನ್ನು ಎಕ್ಸೆಲ್ ಸಂಕ್ಷಿಪ್ತ ಘಾತರೂಪದಲ್ಲಿ ತೋರಿಸುತ್ತದೆ. ಸಿಎಸ್‌ವಿಗೆ ಬರೆಯುವಾಗ ಪರದೆಯಲ್ಲಿ ಕಾಣುವ ರೂಪವನ್ನೇ ಬರೆಯುವುದರಿಂದ ಮೂಲ ಸಂಖ್ಯೆ ಶಾಶ್ವತವಾಗಿ ನಷ್ಟವಾಗುತ್ತದೆ.

ಈ ತೊಂದರೆ ಮಾನವಿಕ ಅಧ್ಯಯನಗಳಿಗೆ ಮಾತ್ರ ಸೀಮಿತವಲ್ಲ. ತಳಿವಿಜ್ಞಾನದಲ್ಲಿ ‘ಸೆಪ್ಟ್ 1’, ‘ಮಾರ್ಚ್ 1’ ಎಂಬ ಜೀನ್ ಸಂಕೇತಗಳು ಎಕ್ಸೆಲ್‌ನಲ್ಲಿ ದಿನಾಂಕಗಳಾಗುತ್ತಿದ್ದವು. ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ್ದ ತಳಿವಿಜ್ಞಾನ ಲೇಖನಗಳ ಸುಮಾರು ಐದನೆಯ ಒಂದು ಭಾಗದಲ್ಲಿ ಇಂತಹ ದೋಷವಿರುವುದನ್ನು 2016ರ ಪರಿಶೀಲನೆಯೊಂದು ತೋರಿಸಿತು. ಕೊನೆಗೆ 2020ರ ಹೊತ್ತಿಗೆ ಬದಲಾದದ್ದು ತಂತ್ರಾಂಶವಲ್ಲ, ಜೀನ್‌ಗಳ ಹೆಸರುಗಳು. ಈ ತಾನಾಗಿ ನಡೆಯುವ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಗಳನ್ನು ಮೈಕ್ರೋಸಾಫ್ಟ್ ಒದಗಿಸಿದ್ದು 2023ರಲ್ಲಿ.

ಸಾಲುಗಳ ಮಿತಿಯೂ ಮೌನ ನಷ್ಟಕ್ಕೆ ಕಾರಣವಾಗುತ್ತದೆ. ಎಕ್ಸ್‌ಎಲ್‌ಎಸ್ ಸ್ವರೂಪದಲ್ಲಿ ಒಂದು ಹಾಳೆಗೆ 65,536 ಸಾಲುಗಳ ಮಿತಿಯಿದೆ, ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2020ರಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಒಟ್ಟುಗೂಡಿಸುವಾಗ ಹಳೆಯ ಸ್ವರೂಪದ ಮಿತಿಯನ್ನು ಮೀರಿದ ಸಾಲುಗಳು ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿನ ಪ್ರಕರಣಗಳು ದೈನಂದಿನ ಲೆಕ್ಕದಲ್ಲಿ ಸೇರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವ ಕಾರ್ಯ ತಡವಾಯಿತು. ಸ್ವರೂಪದ ಆಯ್ಕೆಯು ಕೇವಲ ತಾಂತ್ರಿಕ ವಿವರವಲ್ಲವೆಂಬುದಕ್ಕೆ ಇದಕ್ಕಿಂತ ತೀವ್ರವಾದ ನಿದರ್ಶನ ದೊರೆಯಲಾರದು.

ಕನ್ನಡ ಪಠ್ಯದ ಸ್ಥಿತಿ

ಮೇಲೆ ಹೇಳಿದ ಪದರಗಳ ವಿವೇಚನೆಯು ಕನ್ನಡದ ಸಂದರ್ಭದಲ್ಲಿ ವಿಶೇಷ ಮಹತ್ವವನ್ನು ಪಡೆಯುತ್ತದೆ. ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ, ಅಂದರೆ 1991ರಿಂದಲೇ, ಕನ್ನಡಕ್ಕೆ 128 ಸ್ಥಾನಗಳ ವಿಭಾಗ ಮೀಸಲಾಗಿದ್ದರೂ, ಸಾಮಾನ್ಯ ಯಂತ್ರಗಳಲ್ಲಿ ಅದು ಬಳಕೆಗೆ ಅನುವಾದದ್ದು ತುಂಗಾ ಅಕ್ಷರಶೈಲಿಯೊಡನೆ ವಿಂಡೋಸ್ ಎಕ್ಸ್‌ಪಿ ಬಂದ 2001ರ ನಂತರ. ಅದಕ್ಕೆ ಮೊದಲು, ಎಷ್ಟೋ ಕಡೆ ಆಮೇಲೂ, ಕನ್ನಡದ ದತ್ತಾಂಶವು ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ದಾಖಲಾಯಿತು. ಕನ್ನಡವನ್ನು ಗಣಕಯಂತ್ರಕ್ಕೆ ತಂದ ಆ ತಂತ್ರಾಂಶಗಳ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಕೋಶದೊಳಗೆ ಶೇಖರವಾಗುತ್ತಿದ್ದುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವುಗಳಿಗೆ ಕನ್ನಡದ ಆಕಾರವನ್ನು ಕೊಡುತ್ತಿದ್ದುದು ಅಕ್ಷರಶೈಲಿ. ಅಂದರೆ ಕನ್ನಡವು ಮೌಲ್ಯದ ಪದರದಲ್ಲಿರದೆ ಅಲಂಕರಣದ ಪದರದಲ್ಲಿತ್ತು.

ಇದರ ಪರಿಣಾಮಗಳು ಹಲವು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಕಡತ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಸಿಎಸ್‌ವಿಗೆ ಪರಿವರ್ತಿಸಿದಾಗ ಯಾವ ಅಕ್ಷರಶೈಲಿಯಲ್ಲಿ ಬರೆದದ್ದೆಂಬ ಮಾಹಿತಿಯೇ ಅಳಿಯುತ್ತದೆ. ಅಕಾರಾದಿ ಜೋಡಣೆಯು ರೋಮನ್ ಸಂಕೇತಗಳ ಕ್ರಮದಲ್ಲಿ ನಡೆಯುತ್ತದೆ. ಇವು ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷವೊಂದಿದೆ. ಕೋಷ್ಟಕ ತಂತ್ರಾಂಶಗಳು ಹುಡುಕುವಾಗ ಸಾಮಾನ್ಯವಾಗಿ ರೋಮನ್ ಲಿಪಿಯ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ಎಣಿಸುವುದಿಲ್ಲ. ಎಕ್ಸೆಲ್‌ನ ಎಣಿಕೆಯ ಸೂತ್ರಗಳೂ ಹಾಗೆಯೇ. ಹಳೆಯ ಅಕ್ಷರಶೈಲಿಗಳಲ್ಲಿಯಾದರೋ ದೊಡ್ಡಕ್ಷರವೊಂದು ಒಂದು ಕನ್ನಡ ಆಕೃತಿಯನ್ನೂ ಚಿಕ್ಕಕ್ಷರವು ಬೇರೊಂದು ಆಕೃತಿಯನ್ನೂ ಸೂಚಿಸುತ್ತದೆ. ಹೀಗಾಗಿ ಭಿನ್ನವಾದ ಎರಡು ಕನ್ನಡ ಪದಗಳನ್ನು ತಂತ್ರಾಂಶವು ಒಂದೇ ಎಂದು ಎಣಿಸಬಹುದು. ಇಂತಹ ಪಟ್ಟಿಯಿಂದ ತೆಗೆದ ಪದಾವೃತ್ತಿಯ ಅಂಕಿಗಳನ್ನು ಮರುಪರಿಶೀಲನೆಯಿಲ್ಲದೆ ಒಪ್ಪಲಾಗದು.

ಯೂನಿಕೋಡ್ ಬಂದಮೇಲೆ ಕನ್ನಡವು ಮೌಲ್ಯದ ಪದರಕ್ಕೆ ಸೇರಿತು. ಆದರೂ ಎಚ್ಚರ ಅಗತ್ಯ. ವಿಂಡೋಸ್‌ನ ಹಳೆಯ ಸಂಕೇತಪುಟಗಳಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲ. ಆದುದರಿಂದ ಎಕ್ಸೆಲ್‌ನಲ್ಲಿ ಯೂನಿಕೋಡ್ ಕನ್ನಡದ ಪಟ್ಟಿಯನ್ನು ಸಾಮಾನ್ಯ ಸಿಎಸ್‌ವಿಯಾಗಿ ಉಳಿಸಿದರೆ ಪ್ರತಿ ಅಕ್ಷರದ ಸ್ಥಾನದಲ್ಲೂ ಪ್ರಶ್ನಾರ್ಥಕ ಚಿಹ್ನೆ ಬರೆಯಲ್ಪಡುತ್ತದೆ. ರೋಮನ್ ಸಂಕೇತಗಳಾಗಿ ಕಾಣುವ ಹಳೆಯ ಪಠ್ಯವನ್ನು ಪರಿವರ್ತಕದಿಂದ ಮರಳಿ ಪಡೆಯಬಹುದು. ಪ್ರಶ್ನಾರ್ಥಕ ಚಿಹ್ನೆಯಾದ ಪಠ್ಯವನ್ನು ಯಾವ ಉಪಾಯದಿಂದಲೂ ಪಡೆಯಲಾಗದು. ‘ಸಿಎಸ್‌ವಿ ಯುಟಿಎಫ್-8’ ಎಂಬ ಬೇರೆ ಆಯ್ಕೆಯನ್ನೇ ಆರಿಸಬೇಕು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಂತಹ ಗಾದೆಯಲ್ಲಿ ಅಲ್ಪವಿರಾಮವಿರುವುದರಿಂದ ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯದಿದ್ದರೆ ಒಂದು ಗಾದೆ ಎರಡು ಕಾಲಂಗಳಲ್ಲಿ ಒಡೆದು ಮುಂದಿನ ವಿವರಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತದಿಂದಲೂ ಎರಡು ಸಂಕೇತಗಳ ಜೋಡಣೆಯಿಂದಲೂ ಬರೆಯಲು ಯೂನಿಕೋಡ್ ಅವಕಾಶ ನೀಡಿದೆ. ಕಣ್ಣಿಗೆ ಒಂದೇ ಆದ ಇವನ್ನು ತಂತ್ರಾಂಶವು ಭಿನ್ನ ಪದಗಳೆಂದು ಎಣಿಸಬಹುದು.

ಸಂಗ್ರಹ ರಕ್ಷಣೆಯ ಕ್ರಮಗಳು

ಈ ವಿವೇಚನೆಯಿಂದ ಕೆಲವು ಕಾರ್ಯಸೂತ್ರಗಳು ಹೊರಡುತ್ತವೆ. ಮೊದಲನೆಯದಾಗಿ, ಮೂಲ ಕಡತವನ್ನು ಎಂದಿಗೂ ತಿದ್ದದೆ ಹಾಗೆಯೇ ಉಳಿಸಬೇಕು. ಪರಿವರ್ತನೆ ನಡೆಯಬೇಕಾದುದು ಅದರ ಪ್ರತಿಯ ಮೇಲೆ. ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ, ಯಾವ ಅಕ್ಷರಶೈಲಿಯಲ್ಲಿ ಅದು ಸಿದ್ಧವಾಯಿತೆಂಬುದನ್ನು ಜೊತೆಯಲ್ಲಿ ಬರೆದಿಡಬೇಕು.

ಎರಡನೆಯದಾಗಿ, ಅರ್ಥವನ್ನು ಮೌಲ್ಯದ ಪದರದಲ್ಲಿಯೇ ಇರಿಸಬೇಕು. ಬಣ್ಣದ ಬದಲು ಪ್ರತ್ಯೇಕ ಕಾಲಂ ಇರಬೇಕು. ಕೋಶಗಳನ್ನು ಒಂದಾಗಿ ಬೆಸೆಯಬಾರದು. ಗುರುತಿನ ಸಂಖ್ಯೆಗಳ ಕಾಲಂ ಅನ್ನು ದಾಖಲೆಗೆ ಮೊದಲೇ ಪಠ್ಯವೆಂದು ನಿಗದಿಪಡಿಸಬೇಕು. ದಿನಾಂಕಕ್ಕೆ ವರ್ಷ, ತಿಂಗಳು, ದಿನ ಎಂಬ ಮೂರು ಕಾಲಂಗಳನ್ನು ಬಳಸಿದರೆ 1846ಕ್ಕೂ 1998ಕ್ಕೂ ಒಂದೇ ನ್ಯಾಯ ದೊರೆಯುತ್ತದೆ.

ಮೂರನೆಯದಾಗಿ, ದಿನಬಳಕೆಗೆ ಓಡಿಎಸ್ ಅಥವಾ ಎಕ್ಸ್‌ಎಲ್‌ಎಸ್‌ಎಕ್ಸ್ ಪ್ರತಿಯನ್ನೂ ದೀರ್ಘಕಾಲದ ರಕ್ಷಣೆಗೆ ಯುಟಿಎಫ್-8 ಸಂಕೇತದ ಸಿಎಸ್‌ವಿ ಪ್ರತಿಯನ್ನೂ ಇರಿಸಿ, ಪ್ರತಿ ಕಾಲಂನ ಅರ್ಥವನ್ನು ತಿಳಿಸುವ ವಿವರಣ ಪಟ್ಟಿಯನ್ನು ಲಗತ್ತಿಸಬೇಕು. ಸಿಎಸ್‌ವಿಯನ್ನು ನೇರವಾಗಿ ತೆರೆಯದೆ, ಕಾಲಂಗಳ ಜಾತಿಯನ್ನು ಕೇಳುವ ಆಮದು ಸೌಲಭ್ಯದ ಮೂಲಕ ತರಬೇಕು.

ನಾಲ್ಕನೆಯದಾಗಿ, ಪರಿವರ್ತನೆಯ ನಂತರ ಪಾಠಪರಿಶೀಲನೆ ನಡೆಯಬೇಕು. ಸಾಲುಗಳ ಸಂಖ್ಯೆ ಹೊಂದುವುದೇ, ಮೊದಲ ಮತ್ತು ಕೊನೆಯ ನಮೂದುಗಳು ಸರಿಯಿವೆಯೇ, ನಡುವೆ ಅಲ್ಲಲ್ಲಿ ಆರಿಸಿದ ಸಾಲುಗಳು ಟಿಪ್ಪಣಿ ಪುಸ್ತಕದೊಡನೆ ತಾಳೆಯಾಗುವುವೇ ಎಂದು ನೋಡಬೇಕು. ಹಳೆಯ ಅಕ್ಷರಶೈಲಿಯಿಂದ ಯೂನಿಕೋಡ್‌ಗೆ ಬಂದ ಪಠ್ಯವನ್ನು ಕನ್ನಡ ಬಲ್ಲವರು ಓದಿಯೇ ಒಪ್ಪಬೇಕು; ಒತ್ತಕ್ಷರ ಮತ್ತು ಅರ್ಕಾವೊತ್ತುಗಳ ಸ್ಥಾನದಲ್ಲಿ ಪರಿವರ್ತಕಗಳು ಎಡವುವುದುಂಟು.

ಉಪಸಂಹಾರ

ಮೌಖಿಕ ಪರಂಪರೆಯಲ್ಲಿ ಪಾಠವು ಬದಲಾಗುವುದು ಸಹಜ. ಗಾಯಕನೊಬ್ಬ ಹೆಸರೊಂದನ್ನು ಬದಲಿಸಿದಾಗ, ಅಜ್ಜಿಯೊಬ್ಬಳು ಕಥೆಯ ಕೊನೆಯನ್ನು ತಿರುಗಿಸಿದಾಗ ಅದರ ಹಿಂದೆ ಊರು, ಕಾಲ, ಕೇಳುಗರು, ಹೇಳುವವರ ಇಚ್ಛೆ ಇರುತ್ತವೆ. ಜಾನಪದ ವಿದ್ವಾಂಸರು ಪಾಠಾಂತರಗಳನ್ನು ಅಧ್ಯಯನ ಮಾಡುವುದು ಅವುಗಳಲ್ಲಿ ಅರ್ಥವಿದೆಯೆಂಬ ನಂಬಿಕೆಯಿಂದ. ತಂತ್ರಾಂಶವು ಮಾಡುವ ಬದಲಾವಣೆಗೆ ಇಂತಹ ಅರ್ಥವಿಲ್ಲ. ಆದರೆ ಮೂವತ್ತು ವರ್ಷಗಳ ನಂತರ ಕಡತವನ್ನು ಮಾತ್ರ ನೋಡುವ ಸಂಶೋಧಕರಿಗೆ ಯಾವ ಭೇದ ವಕ್ತೃವಿನದು, ಯಾವುದು ಯಂತ್ರದ್ದು ಎಂದು ತಿಳಿಯುವ ಮಾರ್ಗವಿರುವುದಿಲ್ಲ. ದಿನಾಂಕ ಸರಿದರೆ ಹಾಡು ಬೇರೊಂದು ಹಬ್ಬದ ಹಾಡಾಗುತ್ತದೆ. ಸುರುಳಿಯ ಸಂಖ್ಯೆ ಕೆಟ್ಟರೆ ಧ್ವನಿಗೂ ಹೆಸರಿಗೂ ಸಂಬಂಧ ಕಡಿಯುತ್ತದೆ. ಆ ವೇಳೆಗೆ ಹಾಡಿದವರು ಬದುಕಿರುವುದಿಲ್ಲ. ಮತ್ತೊಮ್ಮೆ ಕೇಳಿ ತಿದ್ದಿಕೊಳ್ಳುವ ಅವಕಾಶವೂ ಇರುವುದಿಲ್ಲ.

ಓಲೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯಿತ್ತು. ತಂತ್ರಾಂಶವು ಅಂತಹ ವಿನಂತಿಯನ್ನು ಬರೆಯುವುದಿಲ್ಲ. ಆ ಹೊಣೆಯು ಕಡತವನ್ನು ಒಪ್ಪಿಸುವ ಸಂಶೋಧಕರದೂ ಸ್ವೀಕರಿಸುವ ಗ್ರಂಥಾಲಯಗಳದೂ ಆಗಿದೆ.